ಅವಳ ಕಾಲಿನಿಂದ ಚೆಂಡು ಕಸಿಯುವುದನ್ನು ಬಿಡಬೇಡ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ಮೊದಲ ಸಲ ಓದಿದಾಗ ಹೋದ ವರ್ಷದ ಪತ್ರ ನೆನಪಾಯಿತು. ಆಗ ನೀನು ನಿಮ್ಮ ಫುಟ್‌ಬಾಲ್ ತಂಡದ ಇದೇ ಹುಡುಗಿಯನ್ನು ಎರಡು ಪುಟದ ತುಂಬ ಬೈದಿದ್ದೆ. ಜಂಬದವಳು, ಪಾಸ್ ಕೊಡಲ್ಲ, ಕೋಚ್ ನೋಡುತ್ತಿದ್ದರೆ ಮಾತ್ರ ಓಡುತ್ತಾಳೆ ಅಂತೆಲ್ಲ. ಈ ಸಲವೂ ಎರಡು ಪುಟದ ತುಂಬ ಅವಳೇ. ಎರಡನೇ ಸಲ ಓದಿದಾಗ ನೀನು ಎಷ್ಟು ಹೆದರಿಕೊಂಡು ಬರೆದಿದ್ದೀಯ ಅನ್ನುವುದು ಕಾಣಿಸಿತು. ಅದಕ್ಕೇ ಮೊದಲು ಇದನ್ನು ಹೇಳಿಬಿಡುತ್ತೇನೆ. ಹುಡುಗಿಗೆ ಹುಡುಗಿ ಇಷ್ಟವಾಗುವುದು ತಪ್ಪಲ್ಲ, ಕಾಯಿಲೆಯೂ ಅಲ್ಲ. ನನಗೆ ಹೇಳಬಹುದು ಅಂತ ನಿನಗೆ ಅನ್ನಿಸಿತಲ್ಲ, ಅದು ನನಗೆ ತುಂಬ ದೊಡ್ಡದು.

ಅಷ್ಟು ದ್ವೇಷ ಇದ್ದದ್ದು ಹೀಗೆ ಹೇಗೆ ತಿರುಗಿತು ಅಂತ ಕೇಳಿದ್ದೀಯ. ನನಗೆ ಅನ್ನಿಸುವುದು, ಅದು ದ್ವೇಷ ಆಗಿರಲೇ ಇಲ್ಲ. ಅವಳು ಎದುರು ತಂಡದವಳಾಗಿದ್ದರೆ ನೀನು ಪಂದ್ಯದ 90 ನಿಮಿಷ ಜಗಳವಾಡಿ ಮರೆತುಬಿಡುತ್ತಿದ್ದೆ. ನಿಮ್ಮಿಬ್ಬರದು ಬೇರೆ. ತಂಡದಲ್ಲಿ ಎಡ ಅಂಚಿನಲ್ಲಿ ಓಡಿ ದಾಳಿ ಮಾಡುವ ಜಾಗ, ಎಡ ವಿಂಗ್, ಒಂದೇ; ಬೇಕಾಗಿದ್ದು ಇಬ್ಬರಿಗೆ. ಅವಳು ಆಡಿದ ದಿನ ನೀನು ಬೆಂಚಿನ ಮೇಲೆ. ಬೆಂಚಿನ ಮೇಲೆ ಕೂತವಳು ಚೆಂಡನ್ನು ನೋಡುವುದಿಲ್ಲ, ತನ್ನ ಜಾಗದಲ್ಲಿ ಓಡುತ್ತಿರುವವಳನ್ನೇ ನೋಡುತ್ತಾಳೆ. ಚೆಂಡನ್ನು ಯಾವ ಕಾಲಿಗೆ ಎಳೆದುಕೊಳ್ಳುತ್ತಾಳೆ, ಡಿಫೆಂಡರ್ ಹತ್ತಿರ ಬಂದಾಗ ಭುಜ ಯಾವ ಕಡೆ ಬಾಗಿಸುತ್ತಾಳೆ, ಸುಸ್ತಾದರೆ ಸೊಂಟದ ಮೇಲೆ ಕೈ ಇಡುತ್ತಾಳಾ. ಒಂದು ವರ್ಷ ಹೀಗೆ ಒಬ್ಬಳನ್ನೇ ನೋಡಿದ್ದೀಯ. ಅವಳೂ ನಿನ್ನನ್ನು ಹಾಗೇ ನೋಡಿದ್ದಾಳೆ, ಅಲ್ವಾ? ಕೋಚ್ ನಿನ್ನನ್ನು ಬಲಕ್ಕೆ ಹಾಕಿ ಇಬ್ಬರನ್ನೂ ಒಟ್ಟಿಗೆ ಆಡಿಸಿದ ಮೊದಲ ದಿನವೇ ಅವಳು ಅಂಚಿನಿಂದ ಒಳಕ್ಕೆ ಒದ್ದ ಕ್ರಾಸ್ ಸರಿಯಾಗಿ ನೀನು ಓಡಿ ಬರುವ ಜಾಗಕ್ಕೇ ಬಿತ್ತು ಅಂತ ಬರೆದಿದ್ದೀಯ. ಅದು ಅದೃಷ್ಟ ಅಲ್ಲ. ನೀನು ಎಲ್ಲಿ ಇರುತ್ತೀಯ ಅಂತ ಅವಳಿಗೆ ಮೊದಲೇ ಗೊತ್ತಿತ್ತು.

ಇನ್ನು ಮೂರನೇ ಸಲ ಓದಿದಾಗ ನಾನು ನಿಂತುಬಿಟ್ಟ ಸಾಲು. "ನಿನ್ನೆ ಪ್ರಾಕ್ಟೀಸ್‌ನಲ್ಲಿ ಅವಳನ್ನು ಟ್ಯಾಕಲ್ ಮಾಡಿ ಚೆಂಡು ಕಸಿಯಲು ಮನಸ್ಸು ಬರಲಿಲ್ಲ, ಸುಮ್ನೆ ಬಿಟ್ಟುಬಿಟ್ಟೆ." ಪುಟ್ಟಿ, ಈ ಪತ್ರ ಬರೆಯುತ್ತಿರುವುದೇ ಆ ಸಾಲಿಗಾಗಿ.

ನನಗೆ 17 ವರ್ಷ ಇದ್ದಾಗ ತಂಡದಲ್ಲಿ ಬಲಗಡೆ ನಿಂತು ತಡೆಯುವ ರೈಟ್ ಬ್ಯಾಕ್ ಜಾಗಕ್ಕೆ ನಾನು ಮತ್ತು ಇನ್ನೊಬ್ಬಳು ಇದ್ದೆವು. ಮೊದಮೊದಲು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಆಮೇಲೆ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ. ಅದಕ್ಕೆ ಏನು ಹೆಸರಿಡಬೇಕು ಅಂತ ಆಗ ನನಗೆ ತಿಳಿಯಲಿಲ್ಲ. ಇವತ್ತು ತಿಳಿಯುತ್ತದೆ. ಆಯ್ಕೆಯ ದಿನ ಒಬ್ಬರು ಚೆಂಡು ತರಬೇಕು, ಇನ್ನೊಬ್ಬರು ತಡೆಯಬೇಕು. ಅವಳು ತಡೆಯುವ ಸರದಿ ಬಂದಾಗ ನಾನು ಬೇಕಂತಲೇ ಚೆಂಡನ್ನು ಉದ್ದಕ್ಕೆ ತಳ್ಳಿದೆ. ಒಂದು ಸಲ ಅಲ್ಲ, ಮೂರು ಸಲ. ಅವಳು ಸುಲಭವಾಗಿ ಕಸಿದುಕೊಂಡಳು. ಜಾಗ ಅವಳಿಗೆ ಸಿಕ್ಕಿತು. ನಾನು ದೊಡ್ಡ ತ್ಯಾಗ ಮಾಡಿದೆ ಅಂದುಕೊಂಡಿದ್ದೆ. ವಾರದೊಳಗೆ ಅವಳಿಗೆ ಅರ್ಥವಾಯಿತು. ನನ್ನ ಆಟ ಅವಳಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತಲ್ಲ, ಮುಚ್ಚಿಡುವುದು ಎಲ್ಲಿಂದ ಬಂತು? "ನಾನು ಗೆದ್ದಿದ್ದೇನೋ ಇಲ್ಲವೋ ನನಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ" ಅಂದಳು. ಆಮೇಲೆ ನಮ್ಮ ನಡುವೆ ಮಾತು ಉಳಿಯಲಿಲ್ಲ. ಅವಳ ಮೇಲಿನ ಪ್ರೀತಿಯಿಂದಲೇ ಮಾಡಿದೆ, ಆದರೂ ಅವಳಿಂದ ಏನೋ ಕದ್ದೆ. ಇಷ್ಟು ವರ್ಷವಾದರೂ ಅದು ನನಗೆ ನೋಯುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ. ನೀವಿಬ್ಬರೂ ಒಬ್ಬರಿಗೊಬ್ಬರು ಯಾವತ್ತೂ ಸುಳ್ಳು ಹೇಳದೆ ಇದ್ದ ಜಾಗ ಅಂದರೆ ಆ ಮೈದಾನ. ಅಲ್ಲಿ ಸುಳ್ಳು ಶುರು ಮಾಡಬೇಡ. ನಾಳೆ ಪ್ರಾಕ್ಟೀಸ್‌ನಲ್ಲಿ ಅವಳು ಎದುರು ಬಂದರೆ ನಿಯಮದೊಳಗೆ, ಪೂರ್ತಿ ಜೋರಾಗಿ ಟ್ಯಾಕಲ್ ಮಾಡು. ಎಡ ವಿಂಗ್ ಇನ್ನೂ ಬೇಕು ಅನ್ನಿಸಿದರೆ ಬೇಕು ಅಂತಲೇ ಹೇಳು.

ಮಗ್ದಲೆನಾ ಎರಿಕ್ಸನ್, ಪೆರ್ನಿಲ್ಲೆ ಹಾರ್ಡರ್ ಹೆಸರು ಕೇಳಿರುತ್ತೀಯ. ಒಬ್ಬರು ಸ್ವೀಡನ್‌ನ ಡಿಫೆಂಡರ್, ಇನ್ನೊಬ್ಬರು ಡೆನ್ಮಾರ್ಕ್‌ನ ಫಾರ್ವರ್ಡ್. ಸ್ವೀಡನ್ನಿನ ಲಿಂಚೋಪಿಂಗ್ ತಂಡದಲ್ಲಿ ಒಟ್ಟಿಗೆ ಆಡುವಾಗ ಹತ್ತಿರವಾದವರು. 2017ರಲ್ಲಿ ಎರಿಕ್ಸನ್ ಇಂಗ್ಲೆಂಡಿನ ಚೆಲ್ಸಿಗೆ, ಹಾರ್ಡರ್ ಜರ್ಮನಿಯ ವುಲ್ಫ್ಸ್‌ಬರ್ಗ್‌ಗೆ ಹೋದರು. ಮರುವರ್ಷವೇ ಆ ಎರಡು ತಂಡಗಳು ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಎದುರಾದವು. ವುಲ್ಫ್ಸ್‌ಬರ್ಗ್ ಗೆದ್ದಿತು. 2019ರ ವಿಶ್ವಕಪ್‌ನಲ್ಲಿ ಸ್ವೀಡನ್ ಕೆನಡಾವನ್ನು ಸೋಲಿಸಿದ ಮೇಲೆ ಎರಿಕ್ಸನ್ ಓಡಿ ಹೋಗಿ ಮುತ್ತು ಕೊಟ್ಟದ್ದು ಸ್ಟ್ಯಾಂಡಿನಲ್ಲಿದ್ದ ಹಾರ್ಡರ್‌ಗೇ. ಆ ಫೋಟೋ ಊರೆಲ್ಲ ಸುತ್ತಿತು. 2020ರಲ್ಲಿ ಹಾರ್ಡರ್ ಚೆಲ್ಸಿಗೆ ಬಂದು ಮತ್ತೆ ಒಂದೇ ತಂಡವಾದರು, 2023ರಲ್ಲಿ ಇಬ್ಬರೂ ಬಯರ್ನ್ ಮ್ಯೂನಿಕ್‌ಗೆ ಹೋದರು. ಡಿಫೆಂಡರ್ ಮತ್ತು ಫಾರ್ವರ್ಡ್ ಒಂದೇ ಮೈದಾನದಲ್ಲಿ ಪ್ರಾಕ್ಟೀಸ್ ಮಾಡಿದರೆ ಒಬ್ಬರ ಕೆಲಸವೇ ಇನ್ನೊಬ್ಬರನ್ನು ತಡೆಯುವುದು. ಸಡಿಲ ಬಿಟ್ಟಿದ್ದರೆ ಇಬ್ಬರೂ ಆ ಮಟ್ಟಕ್ಕೆ ಏರುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಆದರೆ ಅವರು ದೊಡ್ಡವರು, ಕಾಲೂರಿ ನಿಂತವರು. ನಿನಗಿನ್ನೂ 16. ಆ ಫೋಟೋ ನೋಡಿ ಎಲ್ಲರ ಮುಂದೆ ಹಾಗೇ ಮಾಡಬೇಕು ಅಂತ ಏನಿಲ್ಲ. ತಂಡಕ್ಕೆ ಯಾವಾಗ ಹೇಳುವುದು ಅಂತ ಇಬ್ಬರೂ ಕೂತು ಮಾತಾಡಿ. ಒಬ್ಬಳಿಗೆ ಬೇಡ ಅನ್ನಿಸಿದರೆ ಬೇಡ. ಮಿಕ್ಕಿದ್ದಕ್ಕೂ ಅಷ್ಟೇ, ಆತುರ ಮಾಡಬೇಡಿ.

ಗಾಯದ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನ ಆರ್ಸೆನಲ್ ತಂಡದಲ್ಲಿ ಜೋಡಿಯಾಗಿದ್ದ ಬೆತ್ ಮೀಡ್ ಮತ್ತು ವಿವಿಯನ್ ಮಿಡೆಮಾ ಇಬ್ಬರಿಗೂ 2022ರ ಕೊನೆಯಲ್ಲಿ, ಒಂದು ತಿಂಗಳ ಅಂತರದಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮರುವರ್ಷದ ವಿಶ್ವಕಪ್ ಇಬ್ಬರಿಗೂ ತಪ್ಪಿತು. ನಿಮ್ಮಲ್ಲಿ ಒಬ್ಬಳಿಗೆ ಮಾತ್ರ ಗಾಯವಾದರೆ ಜಾಗ ಇನ್ನೊಬ್ಬಳಿಗೆ ಹೋಗುತ್ತದೆ. ಆಗ ಹೊಟ್ಟೆಕಿಚ್ಚು ಬರುತ್ತದೆ, ಬರಲಿ. ಅದನ್ನು ನುಂಗಿಕೊಂಡು ನಗಬೇಡ. ಅವಳಿಗೇ ಹೇಳು.

ನಿಮ್ಮಿಬ್ಬರ ಸಂಬಂಧ ಮುರಿದುಹೋದರೆ ಅಂತಲೂ ಕೇಳಿದ್ದೀಯ. ಆದರೂ ಮರುದಿನ ಅವಳಿಗೆ ಪಾಸ್ ಕೊಡಬೇಕಾಗುತ್ತದೆ. ಕೊಡುತ್ತೀಯ ಅಂತ ನನಗೆ ಗೊತ್ತು, ಯಾಕಂದರೆ ಕೋಪವಿದ್ದಾಗಲೂ ನೀನು ಕೊಟ್ಟವಳೇ.

ನಿನ್ನ ಅಮ್ಮನಿಗೆ ನಾನು ಹೇಳಿಲ್ಲ. ಅದು ನೀನೇ ಹೇಳಬೇಕಾದ ಮಾತು. ನನ್ನ ಅಕ್ಕ ಅಲ್ವಾ, ನನಗೆ ಗೊತ್ತು, ಮೊದಲು ಸುಮ್ಮನಾಗುತ್ತಾಳೆ, ಅವಳ ಸ್ವಭಾವವೇ ಅದು. ಆ ಮೌನ ನೋಡಿ ಹೆದರಬೇಡ. ಹೇಳುವ ದಿನ ನಾನು ಪಕ್ಕದಲ್ಲಿ ಇರಬೇಕು ಅಂದರೆ ಯಾವ ಹೊತ್ತಿಗಾದರೂ ಒಂದು ಫೋನ್ ಮಾಡು, ಬರುತ್ತೇನೆ.

ಮುಂದಿನ ಪಂದ್ಯಕ್ಕೂ ಬರುತ್ತೇನೆ. ಪರಿಚಯ ಮಾಡಿಸು ಅಂತ ನಾನಾಗಿ ಕೇಳುವುದಿಲ್ಲ. ಎಡಗಡೆ ಯಾರು ಓಡುತ್ತಾರೆ, ಬಲಗಡೆ ಯಾರು ಅಂತ ದೂರದಿಂದ ನೋಡುತ್ತಾ ಇರುತ್ತೇನೆ.

ನಿನ್ನ,
ಚಿಕ್ಕಮ್ಮ