ಜ್ವರದ ಜೊತೆ ಕಣ್ಣು ಹಳದಿಯಾದರೆ ಕಾಮಾಲೆ ಮದ್ದಿಗೆ ಹೋಗಬೇಡಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದ ಮೇಲೆ ನಮ್ಮ ಕಾಸರಗೋಡಿನ ತೋಟ-ಗದ್ದೆಗಳ ಊರುಗಳಲ್ಲಿ ಜ್ವರ ಬಾರದ ಮನೆ ಕಡಿಮೆ. ಹೆಚ್ಚಿನವು ನಾಲ್ಕೈದು ದಿನದಲ್ಲಿ ತಾವಾಗಿಯೇ ಬಿಡುತ್ತವೆ. ಇಲಿಜ್ವರ ಹಾಗಲ್ಲ. ಅದಕ್ಕೆ ಒಳ್ಳೆಯ ಮದ್ದಿದೆ, ದುಬಾರಿಯೂ ಅಲ್ಲ. ಆದರೂ ಜನ ಸಾಯುತ್ತಾರೆ, ಏಕೆಂದರೆ ರೋಗಿ ಆಸ್ಪತ್ರೆ ತಲುಪುವಾಗ ಮೂತ್ರಪಿಂಡ ಸೋತಿರುತ್ತದೆ. ತಡವಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, ಮೈಕೈ ನೋವಿಗೆಂದು ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾ ಕೂರುವುದು. ಇನ್ನೊಂದು, ಕಣ್ಣು ಹಳದಿಯಾದ ಕೂಡಲೇ ಕಾಮಾಲೆ ಮದ್ದು ಹುಡುಕಿಕೊಂಡು ಹೋಗುವುದು.

ರೋಗ ತರುವುದು ಲೆಪ್ಟೋಸ್ಪೈರಾ ಎಂಬ ಸುರುಳಿ ಆಕಾರದ ಬ್ಯಾಕ್ಟೀರಿಯಾ. ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ಅದು ನೆಲೆಸಿ ಮೂತ್ರದೊಂದಿಗೆ ಹೊರಬೀಳುತ್ತದೆ. ದನ, ನಾಯಿ, ಹಂದಿಗಳಿಂದಲೂ ಬರಬಹುದು. ಬಿಸಿಲಿಗೆ ಒಣಗಿದರೆ ಸಾಯುತ್ತದೆ, ಆದರೆ ಒದ್ದೆ ಮಣ್ಣಿನಲ್ಲಿ, ನಿಂತ ಸಿಹಿನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಅಡಿಕೆ ತೋಟದ ಕಣಿ, ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿ, ನಾಟಿಯ ಗದ್ದೆ, ಹೂಳು ತುಂಬಿದ ತೋಡು, ಇವೆಲ್ಲ ಅದಕ್ಕೆ ಹೇಳಿ ಮಾಡಿಸಿದ ಜಾಗ. ದಿನವಿಡೀ ನೀರಿನಲ್ಲಿ ನಿಂತವರ ಕಾಲ್ಬೆರಳ ಸಂದಿ ಬೆಳ್ಳಗೆ ನೆನೆದು ಒಡೆದಿರುತ್ತದೆ, ಹಿಮ್ಮಡಿ ಬಿರಿದಿರುತ್ತದೆ, ಕತ್ತಿ ತಾಗಿದ ಗೀರೊಂದು ಎಲ್ಲೋ ಇದ್ದೇ ಇರುತ್ತದೆ. ಅಲ್ಲಿಂದ ಒಳಗೆ ಸೇರುತ್ತದೆ. ಕೆಸರು ನೀರು ಕಣ್ಣಿಗೋ ಬಾಯಿಗೋ ಸಿಡಿದರೂ ಸಾಕು. ನೀರು ಕುದಿಸಿ ಕುಡಿಯುವ ಮನೆಯವರು "ನಮಗೆ ಹೇಗೆ ಬಂತು" ಎಂದು ಕೇಳುವುದುಂಟು. ಕುದಿಸಿ ಕುಡಿಯುವುದು ಒಳ್ಳೆಯದೇ, ಆದರೆ ಕಾಲಿನ ಗಾಯದಿಂದ ಬರುವ ರೋಗವನ್ನು ಅದು ತಡೆಯುವುದಿಲ್ಲ.

ಸೋಂಕು ತಗಲಿ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಕೆಲವೊಮ್ಮೆ ಒಂದು ತಿಂಗಳಷ್ಟು ತಡವಾಗಿ ಜ್ವರ ಬರುತ್ತದೆ. ಹಾಗಾಗಿ ನಿನ್ನೆ ಮೊನ್ನೆ ಏನು ಮಾಡಿದೆವು ಎಂದಷ್ಟೇ ನೆನಪಿಸಿಕೊಂಡರೆ ಸಾಲದು, ಹಿಂದಿನ ತಿಂಗಳ ಕೆಲಸವನ್ನೂ ನೆನಪಿಸಿಕೊಳ್ಳಬೇಕು. ಚಳಿ ನಡುಕದೊಂದಿಗೆ ಒಮ್ಮೆಲೇ ಏರುವ ಜ್ವರ, ತಲೆನೋವು, ವಾಕರಿಕೆ, ಸೊಂಟನೋವು ಬೇರೆ ಜ್ವರಗಳಲ್ಲೂ ಇರುತ್ತವೆ. ಇಲಿಜ್ವರದ ಸಂಶಯ ಹುಟ್ಟಿಸಬೇಕಾದ ಗುರುತುಗಳು ಎರಡು. ಮೊದಲನೆಯದು ಕಾಲಿನ ಮೀನಖಂಡದ ನೋವು: ಎದ್ದು ನಡೆಯುವುದೇ ಕಷ್ಟವಾಗುತ್ತದೆ, ಬೆರಳಿನಿಂದ ಸ್ವಲ್ಪ ಒತ್ತಿದರೂ ರೋಗಿ ಕಾಲು ಎಳೆದುಕೊಳ್ಳುತ್ತಾರೆ. ಎರಡನೆಯದು ಕಣ್ಣು: ಬಿಳಿಭಾಗ ಕೆಂಪೇರಿರುತ್ತದೆ, ಆದರೆ ಕಣ್ಣುಬೇನೆಯಲ್ಲಿ ಇರುವಂತೆ ಪಿಸುರು ಇರುವುದಿಲ್ಲ. ಎಲ್ಲರಲ್ಲೂ ಇವೆರಡೂ ಕಾಣಲೇಬೇಕೆಂದಿಲ್ಲ. ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.

ಈ ಹಂತದಲ್ಲಿ ಆಗುವ ದೊಡ್ಡ ತಪ್ಪು ನೋವಿನ ಮಾತ್ರೆ. ಡೈಕ್ಲೋಫಿನಾಕ್, ಐಬುಪ್ರೊಫೆನ್ ನುಂಗಿದರೆ ನೋವು ಇಳಿದು ಕೆಲಸಕ್ಕೆ ಹೋಗುವಷ್ಟು ಆರಾಮವಾಗುತ್ತದೆ ನಿಜ. ಆದರೆ ಅವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ, ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ರೋಗಾಣು ಹಾನಿ ಮಾಡುವುದೂ ಮೂತ್ರಪಿಂಡಕ್ಕೇ. ಡೆಂಗಿ ಇದ್ದರೂ ಈ ಮಾತ್ರೆಗಳು ಅಪಾಯವೇ. ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ ಸಾಕು. ಇನ್ನೊಂದು ಮೋಸವೂ ಇದೆ. ನಾಲ್ಕರಿಂದ ಏಳು ದಿನದ ಬಳಿಕ ಜ್ವರ ಇಳಿದು, ಒಂದೆರಡು ದಿನ ಸುಖವಾಗಿದ್ದು, ಮತ್ತೆ ಮರುಕಳಿಸಬಹುದು. ಇಳಿದಾಗ "ಬಿಟ್ಟಿತು" ಎಂದು ತೋಟಕ್ಕೆ ಇಳಿಯುತ್ತಾರೆ.

ಇನ್ನು ಕಾಮಾಲೆಯ ಮಾತು. ನಮ್ಮಲ್ಲಿ ಕಣ್ಣು ಹಳದಿಯಾದರೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ, ಉಪ್ಪು-ಎಣ್ಣೆ ಬಿಟ್ಟ ಪಥ್ಯ ಎಂಬ ರೂಢಿಯಿದೆ. ಅದರ ಮೇಲೆ ಜನರಿಗೆ ನಂಬಿಕೆ ಬೆಳೆದಿರುವುದಕ್ಕೂ ಕಾರಣವಿದೆ: ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಇಲಿಜ್ವರದ ಹಳದಿ ಅಂಥದ್ದಲ್ಲ. ಅದು ರೋಗ ತೀವ್ರ ಹಂತಕ್ಕೆ ಕಾಲಿಟ್ಟದ್ದರ ಲಕ್ಷಣ. ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ 1886ರಲ್ಲೇ ಜ್ವರ, ಕಾಮಾಲೆ, ಮೂತ್ರಪಿಂಡದ ವೈಫಲ್ಯ ಒಟ್ಟಿಗೆ ಬರುವ ಈ ರೂಪವನ್ನು ವಿವರಿಸಿದ್ದರು. ಮನೆಯಲ್ಲೇ ಗಮನಿಸಬಹುದಾದ ವ್ಯತ್ಯಾಸವೊಂದಿದೆ. ಹೆಪಟೈಟಿಸ್ ಎಯಲ್ಲಿ ಸಾಮಾನ್ಯವಾಗಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಇಳಿದಿರುತ್ತದೆ. ಜ್ವರ, ಮೈನೋವು ಇರುವಾಗಲೇ ಹಳದಿ ಬಂದರೆ ಇಲಿಜ್ವರವೆಂದೇ ತಿಳಿದು ಆಸ್ಪತ್ರೆಗೆ ಹೊರಡಬೇಕು. ಪಥ್ಯದಲ್ಲಿ ಕಳೆಯುವ ಮೂರು ದಿನ ಇಲ್ಲಿ ಬಹಳ ದುಬಾರಿ.

ಮೂತ್ರ ಸರಿಯಾಗಿ ಹೋಗುತ್ತಿದೆ ಎಂದು ಧೈರ್ಯ ತಾಳುವುದೂ ತಪ್ಪು. ಈ ರೋಗದ ಆರಂಭದಲ್ಲಿ ಮೂತ್ರದ ಪ್ರಮಾಣ ಕಡಿಮೆಯಾಗದೆಯೇ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋತಾಗ ಹೊರಹೋಗದೆ ಉಳಿಯುವ ಕಶ್ಮಲ) ಏರುವುದು ಸಾಮಾನ್ಯ. ರಕ್ತ ಪರೀಕ್ಷೆ ಮಾಡಿಸಿದರೇ ಗೊತ್ತಾಗುವುದು. ಕೆಮ್ಮು, ಕಫದಲ್ಲಿ ರಕ್ತ, ಏದುಸಿರು ಕಾಣಿಸಿಕೊಂಡರೆ ಶ್ವಾಸಕೋಶದೊಳಗೆ ರಕ್ತಸ್ರಾವ ಆಗುತ್ತಿರಬಹುದು. ಅದು ತೀವ್ರವಾದರೆ ಅರ್ಧಕ್ಕಿಂತ ಹೆಚ್ಚು ರೋಗಿಗಳು ಉಳಿಯುವುದಿಲ್ಲ. ಆಗ ಒಂದು ಗಂಟೆಯನ್ನೂ ಕಳೆಯುವಂತಿಲ್ಲ, ಐಸಿಯು ಇರುವ ಆಸ್ಪತ್ರೆಗೇ ನೇರ ಹೋಗಬೇಕು.

ಪರೀಕ್ಷೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಸಾಮಾನ್ಯವಾಗಿ ಮಾಡುವ ಐಜಿಎಂ ಎಲೈಸಾ ಪರೀಕ್ಷೆ ನೋಡುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ಮೂಡಲು ಐದಾರು ದಿನ ಬೇಕು. ಎರಡನೇ ದಿನ ಮಾಡಿಸಿ "ನೆಗೆಟಿವ್" ಬಂದರೆ ರೋಗವಿಲ್ಲ ಎಂದಲ್ಲ. ಸಂಶಯ ಬಲವಾಗಿದ್ದರೆ ವೈದ್ಯರು ಫಲಿತಾಂಶಕ್ಕೆ ಕಾಯದೆ ಮದ್ದು ಆರಂಭಿಸುತ್ತಾರೆ. ಅದೇ ಸರಿಯಾದ ಕ್ರಮ. ಸೌಮ್ಯ ರೋಗಕ್ಕೆ ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, 7 ದಿನ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಅದರ ಬದಲು ಅಮಾಕ್ಸಿಸಿಲಿನ್ ಅಥವಾ ಅಜಿತ್ರೊಮೈಸಿನ್. ತೀವ್ರವಾದರೆ ರಕ್ತನಾಳಕ್ಕೆ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್. ಮೊದಲ ಡೋಸಿನ ಕೆಲವೇ ಗಂಟೆಗಳಲ್ಲಿ ಚಳಿ ಜ್ವರ ಹೆಚ್ಚಾಗಬಹುದು, ಸಾಯುವ ಬ್ಯಾಕ್ಟೀರಿಯಾಗಳಿಂದ ಆಗುವ ಪ್ರತಿಕ್ರಿಯೆ ಅದು. ಮದ್ದು ಹಿಡಿಸಲಿಲ್ಲ ಎಂದು ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು. ಡಯಾಲಿಸಿಸ್ ಬೇಕೆಂದರೆ ಮನೆಯವರು ಎದೆಗುಂದುವುದೂ ಬೇಡ. ಇಲಿಜ್ವರದಿಂದ ಸೋತ ಮೂತ್ರಪಿಂಡ, ರೋಗಿ ಉಳಿದುಕೊಂಡರೆ ಬಹುಪಾಲು ಮತ್ತೆ ಕೆಲಸಕ್ಕೆ ಮರಳುತ್ತದೆ. ಜೀವನಪೂರ್ತಿ ಡಯಾಲಿಸಿಸ್ ಬೇಕಾಗುವುದು ಅಪರೂಪ.

ಮುಂಜಾಗ್ರತೆಯಾಗಿ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. 2018ರ ಮಹಾಪ್ರವಾಹದ ಬಳಿಕ ಕೇರಳದಾದ್ಯಂತ ಇದನ್ನು ಹಂಚಲಾಗಿತ್ತು. ಕೆಸರು ನೀರಿನಲ್ಲಿ ದುಡಿಯುವಷ್ಟು ಕಾಲ ವಾರಕ್ಕೊಮ್ಮೆ 200 ಮಿಲಿಗ್ರಾಂ, ಅಂದರೆ 100ರ ಎರಡು ಮಾತ್ರೆ ಒಟ್ಟಿಗೆ. ಒಂದೇ ನುಂಗುವವರು, ಒಂದು ವಾರ ನುಂಗಿ ಮರೆಯುವವರು, ಖಾಲಿ ಹೊಟ್ಟೆಗೆ ನುಂಗಿ ವಾಂತಿಯಾಗಿ ಬಿಡುವವರು ಬಹಳ. ಊಟದ ಮೇಲೆ, ಒಂದು ದೊಡ್ಡ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗಬಾರದು. ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗುತ್ತದೆ. ಹಾಲು, ಗ್ಯಾಸ್ಟ್ರಿಕ್ ಮದ್ದು, ಕಬ್ಬಿಣಾಂಶದ ಮಾತ್ರೆಗಳಿಂದ ಎರಡು ಗಂಟೆ ದೂರವಿಡಿ. ಗರ್ಭಿಣಿಯರು, ಮಕ್ಕಳು ತಾವಾಗಿ ತೆಗೆದುಕೊಳ್ಳಬಾರದು. ಇದು ಪೂರ್ತಿ ರಕ್ಷಣೆಯಲ್ಲ, ಜ್ವರ ಬಂದರೆ ವಾರಕ್ಕೊಮ್ಮೆಯ ಈ ಮಾತ್ರೆ ಚಿಕಿತ್ಸೆಯೂ ಅಲ್ಲ. ಗಂಬೂಟು, ಕೈಗವಸು, ಗಾಯಕ್ಕೆ ನೀರು ಸೇರದ ಪಟ್ಟಿ, ಕೆಲಸ ಬಿಟ್ಟ ಕೂಡಲೇ ಸಾಬೂನಿನಿಂದ ಕೈಕಾಲು ತೊಳೆದು ಒರೆಸುವುದು ಇವೆಲ್ಲ ಹೇಗೂ ಬೇಕೇ ಬೇಕು. ಗಂಬೂಟಿನೊಳಗೆ ನೀರು ತುಂಬಿದರೆ ಚೆಲ್ಲದೆ ಹಾಗೇ ದುಡಿಯುವುದು ಬರಿಗಾಲಿಗಿಂತ ಮೇಲಲ್ಲ.

ವೈದ್ಯರ ಮುಂದೆ ಕುಳಿತಾಗ ಜ್ವರದ ಜೊತೆಗೆ ನಿಮ್ಮ ಕೆಲಸವನ್ನೂ ಹೇಳಿ. ಕಣಿ ಬಿಡಿಸಿದ್ದೆ, ಹಟ್ಟಿ ತೊಳೆದಿದ್ದೆ, ಉದ್ಯೋಗ ಖಾತರಿಯಲ್ಲಿ ತೋಡಿನ ಹೂಳೆತ್ತಿದ್ದೆ ಎಂಬ ಒಂದು ಮಾತಿನಿಂದ ರೋಗನಿರ್ಣಯ ಎರಡು ದಿನ ಬೇಗ ಆಗಬಹುದು. ಗಡಿ ದಾಟಿ ಮಂಗಳೂರಿಗೆ ಹೋಗುವವರು ಇಲ್ಲಿ ಕೊಟ್ಟ ಮದ್ದಿನ ಚೀಟಿ, ರಕ್ತದ ವರದಿ ಜೊತೆಗೇ ಒಯ್ಯಬೇಕು.

ಗಡಿಭಾಗದ ಪಂಚಾಯತುಗಳಲ್ಲಿ ನನ್ನದೊಂದು ವಿನಂತಿ. ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ಪೈವಳಿಕೆ, ವರ್ಕಾಡಿಯಂಥ ಕಡೆ ತೋಟದ ಕೆಲಸಕ್ಕೆ ಹೋಗುವ ಎಷ್ಟೋ ಹಿರಿಯರು ಓದಬಲ್ಲದ್ದು ಕನ್ನಡ ಮಾತ್ರ. ಇಲಿಜ್ವರದ ಸೂಚನಾಪತ್ರ ಕನ್ನಡದಲ್ಲೂ ಅಚ್ಚಾಗಲಿ. ಉದ್ಯೋಗ ಖಾತರಿಯ ತಂಡ ತೋಡಿಗೆ ಇಳಿಯುವ ಮೊದಲ ವಾರದಲ್ಲೇ ಆಶಾ ಕಾರ್ಯಕರ್ತೆಯರು ಕೆಲಸದ ಜಾಗಕ್ಕೇ ಹೋಗಿ, ಊಟದ ಬಿಡುವಿನಲ್ಲಿ ಎರಡು ಮಾತ್ರೆಗಳನ್ನು ಎದುರಿಗೇ ನುಂಗಿಸುವ ವ್ಯವಸ್ಥೆಯಾಗಲಿ.

– ನಿವೃತ್ತ ಆರೋಗ್ಯ ನಿರೀಕ್ಷಕ, ಪೆರ್ಲ, ಕಾಸರಗೋಡು ಜಿಲ್ಲೆ