ಈಗಲೇ ಹೆಸರು ಬದಲಿಸಬೇಡ, ಮಂಜ

ಪ್ರೀತಿಯ ಮಂಜ,

ಕೆನಡಾದಿಂದ ಐಟಿಎ, ಅಂದರೆ ಕಾಯಂ ವಾಸಕ್ಕೆ (ಪಿಆರ್) ಅರ್ಜಿ ಹಾಕುವ ಆಹ್ವಾನ, ಬಂತು ಅಂತ ನೀನು ಕಳಿಸಿದ ಮೆಸೇಜ್ ನೋಡಿ ಎಷ್ಟು ಖುಷಿಯಾಯಿತು ಗೊತ್ತಾ! ಆದರೆ ಅದರ ಕೆಳಗೇ ಇನ್ನೊಂದು ಸಾಲಿತ್ತು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲ, ಅರ್ಜಿ ಹಾಕುವ ಮೊದಲು ಹೆಸರು ಬದಲಾಯಿಸಿಕೊಂಡುಬಿಡಿ ಅಂತ ಏಜೆಂಟ್ ಹೇಳುತ್ತಿದ್ದಾರೆ ಅಂದೆ. ಈಗ ಬೇಡ ಕಣೋ. ಬದಲಿಸಲೇಬೇಡ ಅನ್ನುತ್ತಿಲ್ಲ, ಈ ಫೈಲು ಮುಗಿಯುವ ತನಕ ಬೇಡ. ನಮ್ಮ ಕಡೆಯ ಎಷ್ಟೋ ಹುಡುಗರು ಇದೇ ಗೊಂದಲದಲ್ಲಿದ್ದಾರೆ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಮೊದಲು ಭಯ ಬಿಡು. ಒಂದೇ ಹೆಸರು ಇದ್ದರೆ ಪಿಆರ್ ಸಿಗಲ್ಲ ಅನ್ನುವುದು ಸುಳ್ಳು. ಹಾಗಿರುವವರು ಏನು ಮಾಡಬೇಕು ಅಂತ ಕೆನಡಾದ ವಲಸೆ ಇಲಾಖೆಯೇ ಹೇಳಿದೆ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನು ಫ್ಯಾಮಿಲಿ ನೇಮ್ ಖಾನೆಯಲ್ಲಿ ಬರೆದು ಗಿವನ್ ನೇಮ್ ಖಾನೆ ಖಾಲಿ ಬಿಡಬೇಕು, ಅಷ್ಟೇ. 2022ರ ನವೆಂಬರ್‌ನಲ್ಲಿ ಯುಎಇಯವರು ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರನ್ನು ವಿಸಿಟ್ ವೀಸಾದಲ್ಲಿ ಒಳಗೆ ಬಿಡಲ್ಲ ಅಂದಾಗಿನಿಂದ ನಮ್ಮವರಲ್ಲಿ ಈ ಹೆದರಿಕೆ ಜಾಸ್ತಿಯಾಗಿದೆ. ಅದು ಆ ದೇಶದ ನಿಯಮ. ಅದಕ್ಕೂ ನಿನ್ನ ಅರ್ಜಿಗೂ ಸಂಬಂಧವಿಲ್ಲ.

ಈಗ ಬದಲಿಸಲು ಹೊರಟರೆ ಏನೇನಾಗುತ್ತೆ ನೋಡು. ಛಾಪಾ ಕಾಗದದ ಮೇಲೆ ಅಫಿಡವಿಟ್, ನೋಟರಿ ಸಹಿ, ಎರಡು ಪತ್ರಿಕೆಗಳಲ್ಲಿ ಜಾಹೀರಾತು. ಗೆಜೆಟ್ ಬೇಕೆಂದರೆ ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಟಣಾ ಇಲಾಖೆಗೆ ಕಳಿಸಿ, ಭಾರತದ ಗೆಜೆಟ್‌ನ 4ನೇ ಭಾಗದಲ್ಲಿ ಬರುವವರೆಗೆ ಕಾಯಬೇಕು. ಆಮೇಲೆ ಪಾಸ್‌ಪೋರ್ಟ್ ರೀಇಶ್ಯೂ. ನಿನಗೆ ಐಟಿಎ ಬಂದಮೇಲೆ ಸಿಗುವುದು 60 ದಿನ ಮಾತ್ರ. ಅಷ್ಟರಲ್ಲಿ ಇದೆಲ್ಲ ಮುಗಿಯುತ್ತೆ ಅಂತ ಯಾರು ಹೇಳಿದರೂ ನಂಬಬೇಡ.

ಮುಗಿದರೂ ತಲೆನೋವು ತಪ್ಪಲ್ಲ. ಹೊಸ ಪಾಸ್‌ಪೋರ್ಟಿಗೆ ಹೊಸ ನಂಬರ್ ಬರುತ್ತೆ. ನಿನ್ನ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿ ಇರುವುದು ಹಳೆ ಪಾಸ್‌ಪೋರ್ಟಿನ ಹೆಸರಲ್ಲಿ. ಪೊಲೀಸರಿಂದ ಪಿಸಿಸಿ (ನಡತೆ ಪ್ರಮಾಣಪತ್ರ) ಮಾಡಿಸಿದ್ದರೆ ಅದೂ ಹಳೆಯದರ ಮೇಲೆ. ಪ್ರತಿಯೊಂದಕ್ಕೂ ವಿವರಣೆ ಬರೆದು, ದಾಖಲೆ ಲಗತ್ತಿಸಬೇಕು. ಅರ್ಜಿ ಹಾಕಿದ ಮೇಲೆ ನಡುವೆ ಬದಲಿಸಿದರಂತೂ ಇನ್ನೂ ಕಷ್ಟ. ಕೊನೆಗೆ ಬರುವ ಕಾಯಂ ವಾಸದ ದೃಢೀಕರಣ ಪತ್ರದಲ್ಲಿರುವ (ಸಿಒಪಿಆರ್) ಹೆಸರು ಕೈಯಲ್ಲಿರುವ ಪಾಸ್‌ಪೋರ್ಟಿಗೆ ಹೊಂದಬೇಕು. ಇಲ್ಲದಿದ್ದರೆ ಅದನ್ನು ತಿದ್ದಿಸಿಕೊಳ್ಳುವ ತನಕ ಟಿಕೆಟ್ ಬುಕ್ ಮಾಡುವುದಕ್ಕೂ ಧೈರ್ಯ ಬರಲ್ಲ.

ಇದಕ್ಕಿಂತ ಮುಖ್ಯವಾದ ಕೆಲಸ ಬೇರೆಯೇ ಇದೆ. ನಿನ್ನ ಕಾಗದಗಳನ್ನೆಲ್ಲ ಒಂದು ಸಲ ಟೇಬಲ್ ಮೇಲೆ ಹರಡು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್. ಆರ್.’ ಅಂತಿದೆ. ಡಿಗ್ರಿಯಲ್ಲಿ ಅದೇ ಹೆಸರು, ಆದರೆ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ‘ಎ’ ಇಲ್ಲ. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ನಡೆಯದ್ದರಿಂದ ‘ಹೊನ್ನೇನಹಳ್ಳಿ ರಂಗಪ್ಪ ಮಂಜುನಾಥ’. ಪಾಸ್‌ಪೋರ್ಟಿನಲ್ಲಿ ಬರೀ ‘ಮಂಜುನಾಥ’. ನಮಗೆ ಇವೆಲ್ಲ ಒಬ್ಬನೇ ಮಂಜ. ಒಟ್ಟಾವಾದಲ್ಲಿ ಕೂತು ಫೈಲು ನೋಡುವ ಅಧಿಕಾರಿಗೆ ಅದು ಹೇಗೆ ಗೊತ್ತಾಗಬೇಕು? ಅರ್ಜಿಯಲ್ಲಿ ‘ಬೇರೆ ಹೆಸರು ಬಳಸಿದ್ದೀರಾ’ ಎಂಬ ಪ್ರಶ್ನೆ ಬರುತ್ತೆ. ಹೌದು ಅಂತ ಹಾಕಿ ಎಲ್ಲವನ್ನೂ ಬರೆ, ಕಾಗುಣಿತದ ವ್ಯತ್ಯಾಸವನ್ನೂ ಸೇರಿಸಿ. ಜೊತೆಗೆ ಈ ಎಲ್ಲ ಹೆಸರಿನವನೂ ನಾನೇ ಅನ್ನುವ ಅಫಿಡವಿಟ್ ಒಂದನ್ನು ಮಾಡಿಸಿ ಲಗತ್ತಿಸು. ‘ಅದೆಲ್ಲ ಯಾಕೆ, ಸುಮ್ನೆ ಇಲ್ಲ ಅಂತ ಹಾಕಿ’ ಅಂತ ಏಜೆಂಟ್ ಅಂದರೆ ಖಂಡಿತ ಒಪ್ಪಬೇಡ. ಮಾಹಿತಿ ಮುಚ್ಚಿಟ್ಟಿದ್ದಾರೆ ಅಂತ ವಲಸೆ ಇಲಾಖೆಯವರು ತೀರ್ಮಾನಿಸಿದರೆ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತೆ. ಅನುಭವಿಸುವವನು ನೀನು, ಏಜೆಂಟ್ ಅಲ್ಲ.

ಇನ್ನು ಹೆಸರಿನ ಮಾತು. ನನಗೆ ಈ ಪತ್ರ ಬರೆಯಬೇಕು ಅನ್ನಿಸಿದ್ದೇ ಇದಕ್ಕೆ. ಇಲ್ಲಿ ಕೆನಡಾದಲ್ಲಿ ಒಂದೇ ಹೆಸರಿಟ್ಟುಕೊಂಡು ಬದುಕುವುದು ಸುಲಭ ಅಂತ ನಾನು ಹೇಳಲ್ಲ. ಬ್ಯಾಂಕಿನ ಆನ್‌ಲೈನ್ ಅರ್ಜಿಯಲ್ಲಿ ಮೊದಲ ಹೆಸರು ಖಾಲಿ ಬಿಟ್ಟರೆ ಮುಂದಿನ ಪುಟವೇ ತೆರೆಯಲ್ಲ. ವಿಮಾನದ ಟಿಕೆಟ್ಟಿನದೂ ಅದೇ ಕಥೆ. ಹಾಗಾಗಿ ಮುಂದೊಂದು ದಿನ ನೀನು ಎರಡು ಭಾಗದ ಹೆಸರು ಮಾಡಿಕೊಳ್ಳುವುದೇ ಒಳ್ಳೆಯದು. ಆದರೆ ಯಾವುದನ್ನು ಎಲ್ಲಿ ಇಡುತ್ತೀಯ ಅನ್ನುವುದನ್ನು ಅವಸರದಲ್ಲಿ ತೀರ್ಮಾನಿಸಬೇಡ. ನಮ್ಮ ಹಳೇ ಮೈಸೂರು ಕಡೆ ಊರು ಮೊದಲು, ಅಪ್ಪ ಆಮೇಲೆ, ನಾವು ಕೊನೆಗೆ. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ ಅನ್ನುವ ಹಾಗೆ. ಇಲ್ಲಿನವರು ಮೊದಲ ಪದವನ್ನು ಕರೆಯುವ ಹೆಸರು, ಕೊನೆಯ ಪದವನ್ನೇ ಮನೆತನದ ಹೆಸರು ಅಂದುಕೊಳ್ಳುತ್ತಾರೆ. ಪ್ಯಾನ್ ಕಾರ್ಡಿನ ಕ್ರಮದಲ್ಲೇ ಬರೆದರೆ ಆಸ್ಪತ್ರೆಯಲ್ಲಿ ನಿನ್ನನ್ನು ‘ಹೊನ್ನೇನಹಳ್ಳಿ’ ಅಂತ ಕೂಗುತ್ತಾರೆ. ಗಿವನ್ ನೇಮ್ ಮಂಜುನಾಥ, ಸರ್‌ನೇಮ್ ಬೇರೆ. ಅಷ್ಟು ಗಟ್ಟಿಯಾಗಿ ಹಿಡಿದುಕೋ.

ಆ ಸರ್‌ನೇಮ್ ರಂಗಪ್ಪ ಆಗಬೇಕಾ, ಹೊನ್ನೇನಹಳ್ಳಿ ಆಗಬೇಕಾ? ನನ್ನ ಮನಸ್ಸು ಊರಿನ ಕಡೆಗಿದೆ. ನಿಮ್ಮಪ್ಪನ ಹೆಸರಿಟ್ಟರೆ ಆಫೀಸಿನಲ್ಲಿ ದಿನವೂ ‘ಮಿಸ್ಟರ್ ರಂಗಪ್ಪ’ ಅನ್ನಿಸಿಕೊಳ್ಳಬೇಕು. ನಾಳೆ ನಿನ್ನ ಮಗಳು ಸ್ಕೂಲಲ್ಲಿ ತಾತನ ಹೆಸರನ್ನು ಮನೆತನದ ಹೆಸರು ಅಂತ ಬರೆಯುತ್ತಾಳೆ. ಊರಿನ ಹೆಸರು ಹಾಗಲ್ಲ, ಅದು ನಿಮ್ಮ ಮನೆಯವರೆಲ್ಲರದು. ಆದರೂ ಇದನ್ನು ನಾನು ತೀರ್ಮಾನಿಸುವುದಲ್ಲ. ನಿಮ್ಮಪ್ಪನನ್ನು ಕೇಳು, ಸವಿತಾಳನ್ನೂ ಕೇಳು. ಕರೆಯೋಕೆ ಸುಲಭವಾಗಲಿ ಅಂತ ಹೆಸರನ್ನು ಮೊಟಕು ಮಾಡುವ ಯೋಚನೆ ಮಾತ್ರ ಬೇಡವೇ ಬೇಡ. ಮಂಜುನಾಥ ಅನ್ನೋಕೆ ಇಲ್ಲಿನವರು ಕಲಿಯುತ್ತಾರೆ. ಎರಡು ಸಲ ತಿದ್ದಿದರೆ ಸಾಕು.

ಪಿಆರ್ ಬಂದಮೇಲೆ ಇಲ್ಲೇ ಮಾಡಿಸಬಹುದು. ಒಂಟಾರಿಯೋದಲ್ಲಿ 12 ತಿಂಗಳು ವಾಸವಿದ್ದವರು ಹೆಸರು ಬದಲಿಸಲು ಅರ್ಜಿ ಹಾಕಬಹುದು, ಶುಲ್ಕ 137 ಡಾಲರ್. ನಮ್ಮ ಪಾಸ್‌ಪೋರ್ಟನ್ನೂ ಕಾನ್ಸುಲೇಟ್ ಮೂಲಕ ಹೊಸ ಹೆಸರಿಗೆ ಮಾಡಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ಪಿಆರ್ ಕಾರ್ಡಿನಲ್ಲೊಂದು ಹೆಸರು, ಪಾಸ್‌ಪೋರ್ಟಿನಲ್ಲೊಂದು ಹೆಸರು ಆಗಿ ಊರಿಗೆ ಬಂದುಹೋಗುವಾಗೆಲ್ಲ ವಿವರಣೆ ಕೊಡಬೇಕಾಗುತ್ತೆ.

ಭಾನುವಾರ ನಿಮ್ಮ ಸಂಜೆ, ನನಗೆ ಬೆಳಿಗ್ಗೆ, ಫೋನ್ ಮಾಡು. ಅಷ್ಟರಲ್ಲಿ ಪಾಸ್‌ಪೋರ್ಟು, ಅಂಕಪಟ್ಟಿ, ಡಿಗ್ರಿ, ಪ್ಯಾನ್ ನಾಲ್ಕರದ್ದೂ ಸ್ಕ್ಯಾನ್ ಕಳಿಸಿರು. ಹೆಸರಿನ ಪುಟವನ್ನು ಇಬ್ಬರೂ ಒಟ್ಟಿಗೆ ತುಂಬೋಣ. ಏಜೆಂಟ್‌ಗೆ ಅಲ್ಲಿಯವರೆಗೆ ಯಾವುದಕ್ಕೂ ಸಹಿ ಹಾಕಿಕೊಡಬೇಡ.

ನಿನ್ನ ಗೆಳೆಯ,
ಮಿಸಿಸಾಗಾದಿಂದ