ಇಂಡಿ ಬಾವ್ಯಾಗಿನ ಬಿಳಿ ಸೂಜಿ: ದೋಸ್ತಗೊಂದು ಪತ್ರ

ದೋಸ್ತಾ,

ನೀ ಇಂಡಿ ಹೊಲದಾಗ ಬಾವಿ ತಗಿಯೂ ಮುಂದ ಸಿಕ್ಕ ಕಲ್ಲಿನ್ಯಾಗ ಜಗತ್ತಿಗೇ ಹೊಸ ಖನಿಜ ಐತಿ ಅಂದಿದ್ದಿ ನೋಡು, ಅದರ ರಿಪೋರ್ಟ್ ಬಂತು. ಹೊಸಾದಲ್ಲ.

ಇಷ್ಟ ಹೇಳಿ ಮುಗಿಸಿದ್ರ ನೀ ಫೋನ್ ಹಚ್ಚಿ ಬೈತಿ ಅಂತ ಗೊತ್ತೈತಿ, ಅದಕ್ಕ ಪೂರ್ತಿ ಬರಿಯಾಕತ್ತೇನಿ, ಮತ್ತ ಎಲ್ಲಾರಿಗೂ ಕಾಣೂ ಹಂಗ ಹಾಕಾಕತ್ತೇನಿ, ಯಾಕಂದ್ರ ನೀನೂ ಊರ ತುಂಬ ಹೇಳ್ಕೊಂಡು ಕುಂತಿ. ಮೊನ್ನೆ ವಿಜಯಪುರ ಬಸ್ ಸ್ಟ್ಯಾಂಡಿನ್ಯಾಗ ನಿಮ್ಮ ಕಾಕಾ ಸಿಕ್ಕಿದ್ರು, "ಏನ್ರೀ ಮಾಸ್ತರ, ನಮ್ಮ ಹೊಲದಾಗಿನ ಕಲ್ಲಿಗೆ ನಮ್ಮ ಮನೆತನದ ಹೆಸರ ಇಡ್ತಾರಂತಲ್ಲ" ಅಂದ್ರು. ನಾ ಏನ್ ಹೇಳ್ಲಿ? ಚಾ ಕುಡೀರಿ ಕಾಕಾ ಅಂದ್ನಿ.

ನೀ ಆ ಕಲ್ಲು ಲಿಂಬಿಕಾಯಿ ಚೀಲದಾಗ ಹಾಕ್ಕೊಂಡು ತಂದಿದ್ದಿ ನೋಡು, ನನ್ನ ಟೇಬಲ್ ಇನ್ನೂ ಲಿಂಬಿ ವಾಸನಿ ಹೊಡಿಯಾಕತ್ತೈತಿ. ಕರಿಕಲ್ಲಿನ ನಡುವ ಮುಷ್ಟಿಯಷ್ಟು ಪೊಳ್ಳು, ಅದರಾಗ ಬೆಳ್ಳನ ಸೂಜಿ, ಕೂದಲಕಿಂತ ಸಣ್ಣು, ಕುಸಬಿ ಹೂವಿನಂಗ ಒಂದ ಬುಡದಿಂದ ಸುತ್ತ ಹರಡಿದ್ದು. ಉಸಿರು ಜೋರ ಬಿಟ್ರ ಮುರಿತಾವೇನೋ ಅನ್ನೂ ಹಂಗ. ನೀ ಅಲ್ಲೇ ಲಿಂಬಿ ಹಿಂಡಿ, ನೊರಿ ಬರಲಿಲ್ಲ ಅಂದ್ರ ಸುಣ್ಣದ ಕಲ್ಲಲ್ಲ ಅಂದಿ. ನಗಬ್ಯಾಡ, ಖರೇನ ಛಲೋ ಟೆಸ್ಟ್ ಅದು, ಆದ್ರ ಲಿಂಬಿರಸಾ ಭಾಳ ಮೆತ್ತನ ಆಸಿಡ್, ಪುಡಿ ಮಾಡಿ ಹಾಕಬೇಕು. ನಾ ಕಾಲೇಜಿನ್ಯಾಗ ಎರಡು ಸೂಜಿ ಪುಡಿ ಮಾಡಿ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದ್ನಿ. ಗುಳ್ಳಿ ಬರಲಿಲ್ಲ. ಮರುದಿನ ಮುಂಜಾನಿ ನೋಡಿದ್ರ ಟ್ಯೂಬಿನ್ಯಾಗ ಅಂಬಲಿಯಂಗ ಗಟ್ಟಿಯಾಗಿ ಕುಂತಿತ್ತು. ಹಂಗ ಜೆಲ್ ಆತು ಅಂದ್ರ ಜಿಯೋಲೈಟ್, ಅಂದ್ರ ಲಾವಾ ಕಲ್ಲಿನ ಪೊಳ್ಳಿನ್ಯಾಗ ಬೆಳಿಯೂ ಒಂದು ಖನಿಜದ ಮನೆತನ, ಅದ ಇರಬೇಕು ಅಂತ ಆವಾಗನ ಅನ್ಕೊಂಡ್ನಿ.

ಜಿಯೋಲೈಟ್ ಅಂದ್ರ ನಮ್ಮ ಕಡೆ ಹೊಸದೇನಲ್ಲ. 6.6 ಕೋಟಿ ವರ್ಷದ ಹಿಂದ ಇಲ್ಲೆಲ್ಲಾ ಲಾವಾ ಹರದು ಪದರ ಪದರ ಕುಂತೈತಿ, ಡೆಕ್ಕನ್ ಟ್ರ್ಯಾಪ್ ಅಂತಾರಲ್ಲ ಅದ. ನಿಮ್ಮ ಎರಿ ಹೊಲಾ ಅದ ಕಲ್ಲು ಕೊಳತು ಆಗಿದ್ದು, ಗೋಳಗುಮ್ಮಟದ ಗ್ವಾಡಿನೂ ಅದ ಕರಿಕಲ್ಲ. ಲಾವಾ ಆರೂ ಮುಂದ ಗ್ಯಾಸಿನ ಗುಳ್ಳಿ ಒಳಗ ಸಿಕ್ಕು ಪೊಳ್ಳು ಉಳಿತಾವ, ಆಮ್ಯಾಲ ಬಿಸಿ ನೀರು ಕಲ್ಲಿನ್ಯಾಗಿಂದು ಏನೇನೋ ಕರಗಿಸ್ಕೊಂಡು ಬಂದು ಆ ಪೊಳ್ಳಿನ್ಯಾಗ ನಿಧಾನಕ ಹರಳು ಕಟ್ಟಿಸ್ತೈತಿ. 1756ರಾಗ ಸ್ವೀಡನ್‌ದ ಕ್ರಾನ್‌ಸ್ಟೆಟ್ ಅನ್ನಾಂವ ಇಂಥಾದ ಕಲ್ಲು ಕಾಸಿದಾಗ ಅದು ಕುದ್ದು ನೊರಿ ಬಂತು, ಅದಕ್ಕ ಗ್ರೀಕಿನ್ಯಾಗ ಕುದಿಯೂ ಕಲ್ಲು ಅನ್ನೂ ಅರ್ಥದ ಹೆಸರಿಟ್ಟ. ಒಳಗ ನೀರು ಇರ್ತೈತಿ ನೋಡು. ಈ ನೀರ ಮುಂದ ನನ್ನ ಮರ್ಯಾದಿ ತಗದಿದ್ದು, ಹೇಳ್ತೇನಿ.

ನೀ ವಾಟ್ಸಾಪಿನ್ಯಾಗ ನೀಲಿ ಹರಳಿನ ಫೋಟೋ ಕಳಿಸಿ "ಇದೂ ನಮ್ಮಂಥಾ ಕಲ್ಲಿನ್ಯಾಗ ಸಿಕ್ಕೈತಿ" ಅಂದಿದ್ದಿ. ಅದು ಕ್ಯಾವನ್ಸೈಟ್, ಪುಣೆ ಹಂತ್ಯಾಕ ವಾಘೋಲಿ ಖಡಿ ಕ್ವಾರಿಯಾಗಿಂದು. ಹೆಸರು ಬ್ಯಾರೇ ಏನಲ್ಲ, ಕ್ಯಾಲ್ಸಿಯಂ, ವನೇಡಿಯಂ, ಸಿಲಿಕಾನ್ ಮೂರರ ಮೊದಲ ಅಕ್ಷರ ಕೂಡಿಸಿದ್ದು. ಮೊದಲ ಸಿಕ್ಕಿದ್ದು ಮಾತ್ರ ವಾಘೋಲಿಯಾಗ ಅಲ್ಲ, ಅಮೆರಿಕಾದ ಒರೆಗಾನ್‌ದಾಗ. ಇನ್ನೊಂದು ಮಜಾ ಅಂದ್ರ ಅದಕ್ಕ ಪೆಂಟಗೊನೈಟ್ ಅಂತ ಒಂದು ತಮ್ಮ ಅದಾನ, ಇಬ್ಬರ ಮೈಯಾಗ ಇರೋ ಸಾಮಾನೂ ಒಂದ, ಅಳತಿನೂ ಒಂದ, ಜೋಡಿಸಿದ ರೀತಿ ಮಾತ್ರ ಬ್ಯಾರೆ, ಅಷ್ಟಕ್ಕ ಎರಡು ಖನಿಜ. ಅಂದ್ರ ಬ್ಯಾರೆ ಖನಿಜ ಹೌದೋ ಅಲ್ಲೋ ಅನ್ನೂದಕ್ಕ ಬಣ್ಣಾ, ಹೊಳಪು, ಸೂಜಿ ಆಕಾರ ಇವ್ಯಾವನ್ನೂ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ, ಒಳಗ ಏನೈತಿ ಮತ್ತ ಅದು ಹೆಂಗ ಕುಂತೈತಿ ಈ ಎರಡ ಪ್ರಶ್ನೆ.

ನಮ್ಮ ಸೂಜಿಗೆ ಮೂರು ಮಂದಿ ಸಂಶಯದ ಮ್ಯಾಲ ಇದ್ರು. ನ್ಯಾಟ್ರೊಲೈಟ್, ಅದರಾಗ ಸೋಡಿಯಂ. ಸ್ಕೊಲೆಸೈಟ್, ಅದರಾಗ ಕ್ಯಾಲ್ಸಿಯಂ. ಎರಡರ ನಡುವ ಮೆಸೊಲೈಟ್, ಅದರಾಗ ಎರಡೂ ಸರಿಸಮ, ಹೆಸರಿನ ಅರ್ಥನ ನಡುವಿಂದು ಅಂತ. ಕಣ್ಣಿಲೆ ನೋಡಿದ್ರ ಮೂರೂ ಒಂದ ತಾಯಿ ಮಕ್ಕಳು. ಹಿಂಗಾಗಿ ದೂರದ ಲ್ಯಾಬಿಗೆ ಹೋಗೋ ಕೆಲಸಾ ಇದ್ದಾಗ ನಿನ್ನ ಕಲ್ಲೂ ಒಯ್ದು ಎಲೆಕ್ಟ್ರಾನ್ ಪ್ರೋಬಿಗೆ ಕೊಟ್ನಿ. ಆ ಮಷಿನ್ ಏನ್ ಮಾಡ್ತೈತಿ ಅಂದ್ರ ಎಲೆಕ್ಟ್ರಾನಿನ ಸಣ್ಣ ಕಿರಣಾ, ಒಂದು ಮೈಕ್ರಾನಿನಷ್ಟು, ಹರಳಿನ ಮ್ಯಾಲ ಬಿಡ್ತೈತಿ, ಅಲ್ಲಿಂದ ಬರೋ ಎಕ್ಸ್-ರೇ ನೋಡಿ ಯಾವ ಧಾತು ಎಷ್ಟು ಅಂತ ಹೇಳ್ತೈತಿ.

ಲೆಕ್ಕಾ ಬಂತು ದೋಸ್ತಾ. ಕ್ಯಾಲ್ಸಿಯಂ ಐತಿ, ಸೋಡಿಯಂನೂ ಐತಿ ಆದ್ರ ಕಡಿಮಿ, ಸ್ಕೊಲೆಸೈಟೂ ಅಲ್ಲ, ಮೆಸೊಲೈಟೂ ಅಲ್ಲ, ಯಾವ ಪುಸ್ತಕದಾಗೂ ಕೂಡಂಗಿಲ್ಲ. ಆ ರಾತ್ರಿ ಲಾಡ್ಜಿನ್ಯಾಗ ನಿದ್ದಿ ಹತ್ತಲಿಲ್ಲ. ಹೆಸರೂ ಯೋಚನಿ ಮಾಡಿದ್ನಿ ಅಂದ್ರ ನಂಬ್ತೀ? ನಿಮ್ಮ ಇಂಡಿ ಊರಾಗ ಸಿಕ್ಕಿದ್ದಕ್ಕ ಇಂಡೈಟ್! ಎದ್ದು ಮೊಬೈಲಿನ್ಯಾಗ ಹುಡುಕಿದ್ರ ಇಂಡೈಟ್ ಮೊದಲ ಐತಿ, ರಷ್ಯಾದ್ದು, ಇಂಡಿಯಂ ಧಾತು ಇದ್ದದ್ದಕ್ಕ ಆ ಹೆಸರು. ಅಲ್ಲೇ ಒಂದ ಅಪಶಕುನ ಆತು.

ಮರುದಿನ ಲ್ಯಾಬಿನ ಆಪರೇಟರ್ ಅಕ್ಕಾರು ನನ್ನ ಶೀಟ್ ನೋಡಿ ಒಂದ ಮಾತು ಕೇಳಿದ್ರು, "ಸರ್, ಚಾರ್ಜ್ ಕೂಡಿಸಿ ನೋಡಿದ್ರಿ?" ಚಾರ್ಜ್ ಅಂದ್ರ ಒಂದೊಂದು ಧಾತು ಹೊತ್ಕೊಂಡಿರೋ ವಿದ್ಯುತ್ತಿನ ಲೆಕ್ಕಾ. ಜಿಯೋಲೈಟಿನ್ಯಾಗ ಅಲ್ಯೂಮಿನಿಯಂ ಎಷ್ಟೈತೋ ಅಷ್ಟಕ್ಕ ಸರಿಯಾಗಿ ಸೋಡಿಯಂ ಒಂದರಂಗ, ಕ್ಯಾಲ್ಸಿಯಂ ಎರಡರಂಗ ಕೂಡಬೇಕು, ಉದ್ರಿ ಖಾತೆ ಇದ್ದಂಗ, ಕೊಟ್ಟಿದ್ದು ತಗೊಂಡಿದ್ದು ತಾಳಿ ಆಗಬೇಕು. 10 ಪರ್ಸೆಂಟಿಗಿಂತ ಹೆಚ್ಚು ಫರಕು ಬಂದ್ರ ಆ ಲೆಕ್ಕಾ ಯಾರೂ ಒಪ್ಪಂಗಿಲ್ಲ. ನಂದು 20ರ ಮ್ಯಾಲ ಕಡಿಮಿ ಬಿದ್ದಿತ್ತು. ಕಳ್ಳತನ ಮಾಡಿದ್ದು ಮಷಿನ್ನ. ಸಣ್ಣ ಜಾಗಾಕ ಅಷ್ಟು ಜೋರ ಕಿರಣಾ ಬಿದ್ರ ನೀರು ಹಾರಿ ಹೋಗ್ತೈತಿ, ಸೋಡಿಯಂ ಅಲ್ಲಿಂದ ಸರದು ಬ್ಯಾರೆ ಕಡೆ ಓಡ್ತೈತಿ, ನಾವು ಅಳಿಯೂದರಾಗ ಅದು ಅಲ್ಲಿ ಇರಂಗೇ ಇಲ್ಲ. ಅಕ್ಕಾರು ಕಿರಣಾ 20 ಮೈಕ್ರಾನ್ ಅಗಲ ಮಾಡಿ, ಕರೆಂಟ್ ಇಳಿಸಿ, ಸೋಡಿಯಂನ ಎಲ್ಲಾದಕ್ಕಿಂತ ಮೊದಲ ಅಳದ್ರು. ಖಾತೆ ತಾಳಿ ಆತು. ಮೆಸೊಲೈಟ್. ಪುಡಿ ಮಾಡಿ ಎಕ್ಸ್-ರೇ ಡಿಫ್ರ್ಯಾಕ್ಷನ್, ಅಂದ್ರ ಹರಳಿನ ಒಳಗಿನ ಜೋಡಣಿ ತೋರಿಸೂ ಟೆಸ್ಟ್, ಅದನ್ನೂ ಮಾಡಿಸಿದ್ನಿ, ಗೆರಿಗೆ ಗೆರಿ ಕೂಡಿತು, ಮೆಸೊಲೈಟ್.

ನಾಚಿಕಿ ಎದಕ್ಕಂದ್ರ ಇಷ್ಟೆಲ್ಲಾ ಬೇಕಾಗಿರಲಿಲ್ಲ. ನಮ್ಮ ಕಾಲೇಜಿನ ಹಳೇ ಮೈಕ್ರೋಸ್ಕೋಪಿನ್ಯಾಗ ಎರಡು ಪೋಲರಾಯ್ಡ್, ಅಂದ್ರ ಬೆಳಕು ಒಂದ ದಿಕ್ಕಿಗೆ ಮಾತ್ರ ಬಿಡೂ ಹಾಳಿ, ಅಡ್ಡ ಹಿಡದು ಕತ್ತಲ ಮಾಡಿ ಸೂಜಿ ಇಟ್ರ ನ್ಯಾಟ್ರೊಲೈಟ್ ಬೆಳ್ಳಗ ಹೊಳಿತೈತಿ, ಸ್ಕೊಲೆಸೈಟ್ ಬೂದಿ ಬಣ್ಣ ತೋರಿಸ್ತೈತಿ, ಮೆಸೊಲೈಟ್ ಮಾತ್ರ ಕತ್ತಲದಾಗ ಹೆಚ್ಚು ಕಡಿಮಿ ಮಾಯ ಆಗ್ತೈತಿ. ಬಂದ ಮ್ಯಾಲ ನೋಡಿದ್ನಿ, ಸೂಜಿ ಎಲ್ಲೈತಿ ಅಂತ ಹುಡುಕಬೇಕಾತು. ಹುಡುಗೂರಿಗೆ ವರ್ಷಾ ಇದನ್ನ ಕಲಿಸ್ತೇನಿ, ನಾನ ಮರ್ತು ರೈಲ್ ಹತ್ತಿದ್ನಿ.

ಕಾಕಾಗ ಇಷ್ಟ ಹೇಳು. ಹೊಸಾದ ಇದ್ರೂ ಮನೆತನದ ಹೆಸರ ನಾವ ಇಟ್ಟು ಕೂಡ್ರಾಕ ಬರಂಗಿಲ್ಲ. ಅಂತರರಾಷ್ಟ್ರೀಯ ಖನಿಜ ಸಂಘದ ಒಂದು ಆಯೋಗ ಐತಿ, ಅದಕ್ಕ ರಸಾಯನ, ರಚನೆ, ಗಟ್ಟಿತನ, ಸಾಂದ್ರತೆ, ಬೆಳಕಿನ್ಯಾಗ ಹೆಂಗ ಕಾಣ್ತೈತಿ ಎಲ್ಲಾ ಬರದು ಕಳಿಸಬೇಕು, ಅವರು ಓಟ್ ಹಾಕ್ತಾರ, ಮೂರರಾಗ ಎರಡು ಪಾಲು ಹೌದು ಅನ್ನಬೇಕು. ಕಂಡು ಹಿಡದಾಂವ ತನ್ನ ಹೆಸರ ತಾನ ಇಟ್ಕೊಳ್ಳಂಗಿಲ್ಲ, ಊರ ಹೆಸರು ನಡಿತೈತಿ. ಆ ಅಸಲಿ ತುಣುಕು ಮ್ಯೂಸಿಯಂಗ ಕೊಡಬೇಕು, ನಿಮ್ಮ ಅಟ್ಟದ ಮ್ಯಾಲ ಇಡಾಕ ಬರಂಗಿಲ್ಲ. ಅವರು ಒಪ್ಪಿದ ಪಟ್ಟಿಯಾಗ 6000 ಸುಮಾರು ಖನಿಜ ಅದಾವ. ಚಂದ್ರನ ಮ್ಯಾಲಿನ ಲಾವಾ ಕಲ್ಲಿನ್ಯಾಗೂ ಸಿಕ್ಕಾವ, ಆರ್ಮಾಲ್ಕೊಲೈಟ್ ಅಂತ, ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂರೂ ಜನರ ಹೆಸರು ಮುರದು ಜೋಡಿಸಿದ್ದು.

ಮತ್ತ ನಾವ ಮೊದಲನೇ ಹುಚ್ಚರಲ್ಲ ಬಿಡು. 19ನೇ ಶತಮಾನದಾಗ ಪುಣೆ ಕಡೆ ಇಂಥಾದ ಬಿಳಿ ಸೂಜಿ ನೋಡಿ ಪೂನಾಲೈಟ್ ಅಂತ ಹೊಸ ಹೆಸರಿಟ್ಟಿದ್ರು. ಆಮ್ಯಾಲ ನೋಡಿದ್ರ ಇದ ಸೂಜಿ ಮನೆತನದ್ದು, ಮೊದಲ ಹೆಸರಿದ್ದದ್ದು. ಆ ಹೆಸರು ಲಿಸ್ಟಿನ್ಯಾಗಿಂದ ಹೋತು.

ಒಂದ ಕೆಲಸಾ ಮಾಡು. ಬಾವಿ ತಗದ ಕಲ್ಲೆಲ್ಲಾ ಖಡಿ ಮಷಿನ್ನಿಗೆ ಕೊಡಾಂವ ಅದೀ ಅಂತ ಕೇಳಿದ್ನಿ. ಕೊಡೂ ಮೊದಲ ನಾ ಐತವಾರ ಬರ್ತೇನಿ, ಪೊಳ್ಳು ಇದ್ದಾವ ಒಂದು ಕಡೆ ತಗದಿಡು, ಅದರಾಗ ಹಸರ ಪದರ ಇದ್ದಾವ ಇನ್ನೊಂದು ಕಡೆ. ಹಾರಿ ಹಾಕಿ ಒಡಿಯಾಕ ಹೋಗಬ್ಯಾಡ. ಅವ್ವಗ ಹೇಳು, ರೊಟ್ಟಿ ಮತ್ತ ಲಿಂಬಿ ಉಪ್ಪಿನಕಾಯಿ ಸಾಕು.

ಕಲ್ಲಿಂದು 14 ಫೋಟೋ ಕಳಿಸಿದಿ. ಬಾವ್ಯಾಗ ನೀರು ಬಿತ್ತೋ ಇಲ್ಲೋ?

ನಿನ್ನ
ಮಾಸ್ತರ